ಕೊಕ್ಕಿನ ಅಳತೆ ಹಿಡಿದು ನಡೆದವರು: ಡಾ. ಸಲೀಂ ಅಲಿ

ಚಳಿಗಾಲದ ಒಂದು ಬೆಳಿಗ್ಗೆ ಹೊಸಕೋಟೆ ಕೆರೆಯ ಏರಿಯ ಮೇಲೆ ನಿಂತು ನೋಡಿ. ಒಂದೇ ನೀರು, ಒಂದೇ ಕೆಸರು. ಆದರೆ ಅಲ್ಲಿ ನಿಂತ ಹಕ್ಕಿಗಳ ಕೊಕ್ಕುಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಹೆಜ್ಜಾರ್ಲೆಯ ಕೊಕ್ಕಿನ ಕೆಳಗೆ ಚೀಲ ಜೋತಾಡುತ್ತದೆ. ಚಮಚದ ಕೊಕ್ಕಿನ ಹಕ್ಕಿ ನೀರನ್ನು ಎಡಕ್ಕೂ ಬಲಕ್ಕೂ ಸೌಟಿನಂತೆ ಕದಡುತ್ತದೆ. ಬಾಯ್ಕಳಕ ಕೊಕ್ಕರೆ ಬಾಯಿ ಮುಚ್ಚಿದರೂ ಎರಡು ಕೊಕ್ಕುಗಳ ನಡುವೆ ಸಂದು ಉಳಿಯುತ್ತದೆ. ಕೆರೆಯ ಬಸವನಹುಳುಗಳೇ ಅದರ ಊಟ. ಮಿಂಚುಳ್ಳಿಯ ಕೊಕ್ಕು ಈಟಿ, ಉಲ್ಲಂಕಿಯದು ಕೆಸರಿನೊಳಗೆ ಇಳಿಯುವ ಉದ್ದನೆಯ ಕಡ್ಡಿ.

ಹೊರಗಿನಿಂದ ಕಾಣುವುದು ಇಷ್ಟು. ಒಳಗೆ ಏನಿದೆ? ಇಂದು ಈ ಪ್ರಶ್ನೆಗೆ ಉತ್ತರ ಹುಡುಕಲು ವಿಜ್ಞಾನಿಗಳು ಬಳಸುತ್ತಿರುವುದು ಆಸ್ಪತ್ರೆಯಲ್ಲಿ ನಮ್ಮ ತಲೆಯನ್ನೋ ಹೊಟ್ಟೆಯನ್ನೋ ನೋಡುವ ಸಿ.ಟಿ. ಸ್ಕ್ಯಾನ್ ಯಂತ್ರವನ್ನು. ಹಕ್ಕಿಯನ್ನು ಕೊಯ್ಯದೆ, ಕೊಕ್ಕನ್ನು ಮುರಿಯದೆ, ಒಳಗಿನ ಮೂಳೆಯ ಒಂದೊಂದು ಎಳೆಯನ್ನೂ ನೋಡಬಹುದು. ಒಂದು ಜಾತಿಯ ಕೊಕ್ಕನ್ನು ಇನ್ನೊಂದರ ಪಕ್ಕದಲ್ಲಿಟ್ಟು ಹೋಲಿಸಬಹುದು. ಆದರೆ ಯಂತ್ರದೊಳಗೆ ಇಡಲು ಮೊದಲು ಹಕ್ಕಿ ಬೇಕು. ಅದು ಯಾವ ಹಕ್ಕಿ, ಎಲ್ಲಿ ಸಿಕ್ಕಿತು, ಯಾವ ದಿನ, ಗಂಡೋ ಹೆಣ್ಣೋ ಎಂದು ಬರೆದಿಟ್ಟ ಚೀಟಿ ಬೇಕು. ಅಂಥ ಚೀಟಿಗಳನ್ನು ಜೀವಮಾನವಿಡೀ ತಪ್ಪದೆ ಬರೆದ ಒಬ್ಬ ಭಾರತೀಯನ ಕಥೆ ಇದು. ರಾಂಟ್‌ಜೆನ್ ಕ್ಷ-ಕಿರಣವನ್ನು ಕಂಡುಹಿಡಿದದ್ದು 1895ರ ನವೆಂಬರ್‌ನಲ್ಲಿ. ಸರಿಯಾಗಿ ಒಂದು ವರ್ಷದ ನಂತರ, 1896ರ ನವೆಂಬರ್ 12ರಂದು, ಮುಂಬೈಯಲ್ಲಿ ಸಲೀಂ ಮೊಯಿಜುದ್ದೀನ್ ಅಬ್ದುಲ್ ಅಲಿ ಹುಟ್ಟಿದರು.

ತಬ್ಬಲಿ ಹುಡುಗ

ಸುಲೈಮಾನಿ ಬೊಹ್ರಾ ಮನೆತನದ ದೊಡ್ಡ ಕುಟುಂಬದಲ್ಲಿ ಅವರು ಎಲ್ಲರಿಗಿಂತ ಕಿರಿಯವರು. ಒಂದು ವರ್ಷದ ಮಗುವಾಗಿದ್ದಾಗ ತಂದೆ ಮೊಯಿಜುದ್ದೀನ್ ತೀರಿಕೊಂಡರು. ಮೂರು ವರ್ಷವಾಗಿದ್ದಾಗ ತಾಯಿ ಜೀನತ್ ಉನ್ನಿಸಾ ಕೂಡ ಇಲ್ಲವಾದರು. ಮಕ್ಕಳಿಲ್ಲದ ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಮತ್ತು ಅವರ ಪತ್ನಿ ಹಮೀದಾ ಬೇಗಂ ಈ ತಬ್ಬಲಿ ಮಕ್ಕಳನ್ನು ಮುಂಬೈಯ ಖೇತವಾಡಿಯ ತಮ್ಮ ಮನೆಯಲ್ಲಿ ಸಾಕಿದರು. ಸ್ವಾತಂತ್ರ್ಯ ಹೋರಾಟಗಾರ ಅಬ್ಬಾಸ್ ತ್ಯಾಬ್ಜಿ ಇದೇ ಬಳಗದ ಹಿರಿಯರು.

ಅಮೀರುದ್ದೀನ್ ಅವರಿಗೆ ಬೇಟೆಯ ಹವ್ಯಾಸವಿತ್ತು. ಹುಡುಗನಿಗೆ ಒಂದು ಏರ್‌ಗನ್ ಕೊಡಿಸಿದರು. ಗುಬ್ಬಿ ಹೊಡೆಯುವುದು ಆಟವಾಯಿತು. ಆದರೆ ಈ ಹುಡುಗ ಹೊಡೆದು ಸುಮ್ಮನಾಗಲಿಲ್ಲ, ಕಂಡದ್ದನ್ನು ಬರೆದಿಟ್ಟ. ಮನೆಯ ಕುದುರೆ ಲಾಯದ ಗೋಡೆಯ ತೂತಿನಲ್ಲಿ ಹೆಣ್ಣು ಗುಬ್ಬಿಯೊಂದು ಮೊಟ್ಟೆಯಿಟ್ಟಿತ್ತು, ಹೊರಗಿನ ಮೊಳೆಯ ಮೇಲೆ ಗಂಡು ಕಾವಲು ಕೂತಿತ್ತು. ಆ ಗಂಡನ್ನು ಹೊಡೆದರೆ ಸ್ವಲ್ಪ ಹೊತ್ತಿನಲ್ಲೇ ಇನ್ನೊಂದು ಗಂಡು ಬಂದು ಕೂರುತ್ತಿತ್ತು. ಏಳು ದಿನಗಳಲ್ಲಿ ಎಂಟು ಗಂಡುಗಳು ಹೀಗೆ ಬಂದವು ಎಂದು ಹುಡುಗ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡ. ಕ್ರೂರ ಆಟವೇ ಸರಿ. ಆದರೂ ಎಣಿಸುವ, ದಿನ ಬರೆಯುವ ಅಭ್ಯಾಸ ಶುರುವಾದದ್ದು ಅಲ್ಲಿಂದ.

ಹಳದಿ ಕೊರಳಿನ ಗುಬ್ಬಿ

ಒಮ್ಮೆ ಕೈಗೆ ಸಿಕ್ಕ ಗುಬ್ಬಿ ಮಾಮೂಲಿನದಾಗಿರಲಿಲ್ಲ. ಅದರ ಕೊರಳಲ್ಲಿ ಅರಿಶಿನದ ಬೊಟ್ಟಿನಂತೆ ಹಳದಿ ಮಚ್ಚೆಯಿತ್ತು. ಹೊಡೆದ ಹಕ್ಕಿಯನ್ನು ಹಲಾಲ್ ಮಾಡಿ ತಿನ್ನುವುದು ಆ ಮನೆಯ ರೂಢಿ. ಇದು ತಿನ್ನಬಹುದಾದ ಹಕ್ಕಿಯೋ ಅಲ್ಲವೋ ಎಂಬ ಅನುಮಾನದಿಂದ ಹುಡುಗ ಅದನ್ನು ಮಾಮುವಿನ ಬಳಿ ಒಯ್ದ. ಅವರಿಗೂ ಗೊತ್ತಾಗಲಿಲ್ಲ. ಗೊತ್ತಿಲ್ಲವೆಂದು ಎಸೆದುಬಿಡುವ ಬದಲು ಅವರು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಡಬ್ಲ್ಯೂ. ಎಸ್. ಮಿಲ್ಲಾರ್ಡ್ ಅವರಿಗೆ ಒಂದು ಪರಿಚಯಪತ್ರ ಬರೆದುಕೊಟ್ಟು ಹುಡುಗನನ್ನೇ ಕಳುಹಿಸಿದರು. 1883ರಲ್ಲಿ ಆರಂಭವಾದ ಆ ಸಂಸ್ಥೆ ಆಗ ಬಹುಮಟ್ಟಿಗೆ ಆಂಗ್ಲರ ಸಂಘ. ಹತ್ತು ವರ್ಷ ದಾಟಿದ ಹುಡುಗ ಕಾಗದದಲ್ಲಿ ಸುತ್ತಿದ ಗುಬ್ಬಿಯನ್ನು ಹಿಡಿದು ಅಂಜುತ್ತಲೇ ಒಳಗೆ ಹೋದ.

ಮಿಲ್ಲಾರ್ಡ್ ಹಕ್ಕಿಯನ್ನು ನೋಡಿದ ಕೂಡಲೇ ಹಳದಿ ಕೊರಳಿನ ಗುಬ್ಬಿ ಎಂದು ಗುರುತಿಸಿದರು. ಬಳಿಕ ಹುಡುಗನನ್ನು ಬೀರುಗಳ ಬಳಿ ಕರೆದೊಯ್ದು ಒಂದೊಂದೇ ಡ್ರಾಯರ್ ಎಳೆದು ತೋರಿಸಿದರು. ಒಳಗೆ ಹತ್ತಿ ತುಂಬಿದ ನೂರಾರು ಹಕ್ಕಿಗಳು ಸಾಲಾಗಿ ಮಲಗಿದ್ದವು. ಪ್ರತಿಯೊಂದರ ಕಾಲಿಗೂ ಒಂದು ಚೀಟಿ. ಗುಬ್ಬಿ ಎಂದರೆ ಒಂದೇ ಬಗೆ ಎಂದು ತಿಳಿದಿದ್ದ ಹುಡುಗನಿಗೆ ಹತ್ತಾರು ಬಗೆಯ ಗುಬ್ಬಿಗಳು ಕಂಡವು. ಓದಲು ಪುಸ್ತಕಗಳನ್ನೂ ಕೊಟ್ಟರು, ಚರ್ಮ ಬಿಡಿಸಿ ಹಕ್ಕಿಯನ್ನು ಕಾಪಾಡುವ ವಿದ್ಯೆಯೂ ಅಲ್ಲಿಯೇ ಕಲಿಯಲು ಸಿಕ್ಕಿತು. ಉತ್ತರ ಗೊತ್ತಿಲ್ಲದ ಮಾವ ಮತ್ತು ಸಮಯ ಕೊಟ್ಟ ಕಾರ್ಯದರ್ಶಿ, ಇವರಿಬ್ಬರಿಂದ ಒಬ್ಬ ವಿಜ್ಞಾನಿ ಹುಟ್ಟಿದ. ಉಪನ್ಯಾಸಕರಾದ ನಾವು ನೆನಪಿಡಬೇಕಾದ ಮಾತು ಇದು.

ಅಂಕಪಟ್ಟಿಯ ಕಥೆ

ನಮ್ಮ ವಿದ್ಯಾರ್ಥಿಗಳು ಈ ಭಾಗವನ್ನು ನಿಧಾನವಾಗಿ ಓದಬೇಕು. ಸಲೀಂ ಅಲಿ ಶಾಲೆಯಲ್ಲಿ ಮುಂದಿದ್ದವರಲ್ಲ. ಹದಿಮೂರರ ಸುಮಾರಿಗೆ ತೀವ್ರ ತಲೆನೋವು ಕಾಡಿ ತರಗತಿಗಳು ತಪ್ಪಿದವು. ಒಣ ಹವೆ ಒಗ್ಗೀತೆಂದು ಸಿಂಧ್ ಪ್ರಾಂತ್ಯದ ಬಂಧುಗಳ ಬಳಿ ಕಳುಹಿಸಿದರು. ಕೊನೆಗೆ 1913ರಲ್ಲಿ ಮೆಟ್ರಿಕ್ಯುಲೇಷನ್ ಪರೀಕ್ಷೆಯನ್ನು ಕಷ್ಟಪಟ್ಟು ಪಾಸು ಮಾಡಿದರು. ಕಾಲೇಜಿಗೆ ಸೇರಿದರೂ ಗಣಿತದ ಲಾಗರಿದಮ್‌ಗಳಿಗೆ ಹೆದರಿ ಓದು ಅರ್ಧಕ್ಕೆ ನಿಂತಿತು.

ಆಮೇಲೆ ಮನೆಯವರ ಗಣಿ ಮತ್ತು ಮರದ ವ್ಯಾಪಾರ ನೋಡಿಕೊಳ್ಳಲು ಬರ್ಮಾದ ತವೋಯ್‌ಗೆ ಹೋದರು. ವ್ಯಾಪಾರ ಕೈಹತ್ತಲಿಲ್ಲ. ಹತ್ತಿದ್ದು ಸುತ್ತಲಿನ ಕಾಡು. 1917ರಲ್ಲಿ ಮುಂಬೈಗೆ ಮರಳಿ ವಾಣಿಜ್ಯ ಕಾನೂನು ಮತ್ತು ಲೆಕ್ಕಪತ್ರ ಕಲಿಯಲು ದಾವರ್ಸ್ ಕಾಲೇಜು ಸೇರಿದರು. ಅವರ ಒಲವನ್ನು ಗುರುತಿಸಿದವರು ಸೇಂಟ್ ಝೇವಿಯರ್ಸ್ ಕಾಲೇಜಿನ ಫಾದರ್ ಬ್ಲಾಟರ್. ಅವರ ಒತ್ತಾಯದಿಂದ ಬೆಳಿಗ್ಗೆ ಲೆಕ್ಕಪತ್ರ, ನಂತರ ಝೇವಿಯರ್ಸ್‌ನಲ್ಲಿ ಪ್ರಾಣಿಶಾಸ್ತ್ರ ಎಂದು ಎರಡೂ ನಡೆದವು. 1918ರ ಡಿಸೆಂಬರ್‌ನಲ್ಲಿ ದೂರದ ಸಂಬಂಧಿ ತೆಹಮೀನಾ ಬೇಗಂ ಅವರೊಂದಿಗೆ ಮದುವೆಯಾಯಿತು.

ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯಲ್ಲಿ ಪಕ್ಷಿತಜ್ಞರ ಹುದ್ದೆ ಖಾಲಿ ಇದ್ದಾಗ ಅರ್ಜಿ ಹಾಕಿದರು. ವಿಶ್ವವಿದ್ಯಾಲಯದ ಪದವಿ ಇಲ್ಲವೆಂಬ ಕಾರಣಕ್ಕೆ ಕೆಲಸ ಸಿಗಲಿಲ್ಲ. 1926ರಲ್ಲಿ ಮುಂಬೈಯ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದ ಪ್ರಕೃತಿ ವಿಭಾಗದಲ್ಲಿ ಬಂದವರಿಗೆ ವಿವರಿಸಿ ಹೇಳುವ ಗೈಡ್ ಲೆಕ್ಚರರ್ ಹುದ್ದೆ ದೊರೆಯಿತು. ಸಂಬಳ ತಿಂಗಳಿಗೆ 350 ರೂಪಾಯಿ. ಎರಡು ವರ್ಷ ಅದನ್ನು ಮಾಡಿದ ಮೇಲೆ ತನಗೆ ತಿಳಿದದ್ದು ಸಾಲದೆಂಬ ಅರಿವಾಯಿತು. 1928ರಲ್ಲಿ ರಜೆ ಹಾಕಿ ಬರ್ಲಿನ್‌ಗೆ ಹೊರಟರು. ಅಲ್ಲಿನ ಪ್ರಾಣಿಶಾಸ್ತ್ರ ವಸ್ತುಸಂಗ್ರಹಾಲಯದಲ್ಲಿ ಆ ಕಾಲದ ಅತಿ ದೊಡ್ಡ ಪಕ್ಷಿಶಾಸ್ತ್ರಜ್ಞರಲ್ಲೊಬ್ಬರಾದ ಎರ್ವಿನ್ ಸ್ಟ್ರೆಸೆಮನ್ ಇದ್ದರು. ಅವರು ಪದವಿ ಪ್ರಮಾಣಪತ್ರ ಕೇಳಲಿಲ್ಲ. ಹಕ್ಕಿಯ ಚರ್ಮವನ್ನು ಕೈಗೆ ಕೊಟ್ಟು ಕೆಲಸ ಕಲಿಸಿದರು. ಸಲೀಂ ಅಲಿ ಕೊನೆಯವರೆಗೂ ಅವರನ್ನೇ ಗುರುವೆಂದು ಗೌರವಿಸಿದರು.

ಅಳತೆಯ ಪಾಠ

ಬರ್ಲಿನ್‌ನಲ್ಲಿ ಕಲಿತದ್ದೇನು? ಹೋಲಿಸುವುದು. ಎರಡು ಹಕ್ಕಿಗಳು ಒಂದೇ ಜಾತಿಯೇ ಬೇರೆಯೇ ಎಂದು ಹೇಳಲು ಬಣ್ಣವೊಂದೇ ಸಾಲದು. ಬಣ್ಣ ವಯಸ್ಸಿನಿಂದ, ಋತುವಿನಿಂದ, ಹಳೆಯ ಚರ್ಮವಾದರೆ ಧೂಳಿನಿಂದಲೂ ಬದಲಾಗುತ್ತದೆ. ಆದ್ದರಿಂದ ಅಳೆಯಬೇಕು. ರೆಕ್ಕೆ, ಬಾಲ, ಕಾಲಿನ ಕೆಳಗಣ ಮೂಳೆ, ಮತ್ತು ಕೊಕ್ಕು. ಕೊಕ್ಕನ್ನು ತಲೆಬುರುಡೆಗೆ ಸೇರುವ ಜಾಗದಿಂದ ತುದಿಯವರೆಗೆ ಡಿವೈಡರ್ ಹಿಡಿದು ಮಿಲಿಮೀಟರ್‌ಗಳಲ್ಲಿ ಅಳೆಯುತ್ತಾರೆ. ನಮ್ಮ ಜ್ಯಾಮಿಟ್ರಿ ಬಾಕ್ಸಿನಲ್ಲಿರುವ ಅದೇ ಡಿವೈಡರ್.

ಹಕ್ಕಿಯ ಉಳಿದ ಅಂಗಗಳಿಗಿಂತ ಕೊಕ್ಕು ಹೆಚ್ಚು ಮಾತಾಡುತ್ತದೆ. ನಮ್ಮ ಜೀವಶಾಸ್ತ್ರ ಪಠ್ಯದಲ್ಲಿ ಗ್ಯಾಲಪಗೋಸ್ ದ್ವೀಪಗಳ ಫಿಂಚ್ ಹಕ್ಕಿಗಳ ಚಿತ್ರವಿದೆಯಲ್ಲ, ಅಲ್ಲಿಯೂ ಪ್ರಶ್ನೆ ಕೊಕ್ಕಿನದೇ. ಹಕ್ಕಿಗೆ ಕೈಯಿಲ್ಲ, ಹಲ್ಲಿಲ್ಲ. ಹಿಡಿಯುವುದು, ಒಡೆಯುವುದು, ಸೀಳುವುದು, ಹೆಣೆಯುವುದು, ಮರಿಗೆ ಉಣಿಸುವುದು, ಗರಿ ತಿದ್ದುವುದು ಎಲ್ಲವೂ ಕೊಕ್ಕಿನಿಂದಲೇ. ಆದ್ದರಿಂದ ಕೊಕ್ಕನ್ನು ಓದಿದರೆ ಹಕ್ಕಿಯ ಹೊಟ್ಟೆಪಾಡನ್ನು ಓದಿದಂತೆ.

ಕೆಲಸ ಹೋಯಿತು, ಗೀಜಗ ಸಿಕ್ಕಿತು

1930ರಲ್ಲಿ ಸ್ವದೇಶಕ್ಕೆ ಮರಳಿದಾಗ ಅವರ ಹುದ್ದೆಯನ್ನೇ ರದ್ದು ಮಾಡಲಾಗಿತ್ತು. ಹಣವಿಲ್ಲ ಎಂಬುದು ಕಾರಣ. ಮೂವತ್ತಮೂರು ವರ್ಷದ ಗೃಹಸ್ಥ, ವಿದೇಶದಲ್ಲಿ ಕಲಿತು ಬಂದವರು, ಕೈಯಲ್ಲಿ ಕೆಲಸವಿಲ್ಲ. ದಂಪತಿ ಮುಂಬೈ ಬಿಟ್ಟು ಕೊಂಕಣ ತೀರದ ಕಿಹಿಂ ಎಂಬ ಹಳ್ಳಿಯ ಮನೆಗೆ ಹೋದರು.

ಮಳೆಗಾಲ. ಮನೆಯ ಸಮೀಪ ಗೀಜಗಗಳು ಗೂಡು ಕಟ್ಟುತ್ತಿದ್ದವು. ಬೇರೆಯವರಾಗಿದ್ದರೆ ಅರ್ಜಿಗಳನ್ನು ಬರೆಯುತ್ತ ಕೂರುತ್ತಿದ್ದರು. ಸಲೀಂ ಅಲಿ ಮರೆಯಲ್ಲಿ ಕುಳಿತು ದಿನವಿಡೀ ಗೀಜಗಗಳನ್ನು ನೋಡಿದರು. ಗಂಡು ಹಕ್ಕಿ ಹುಲ್ಲಿನ ಅಥವಾ ಗರಿಯ ಅಂಚನ್ನು ಕೊಕ್ಕಿನಿಂದ ಕಚ್ಚಿ, ಹಾರುತ್ತ ಸೀಳಿ, ಉದ್ದನೆಯ ದಾರ ತೆಗೆದು, ಗಂಟು ಹಾಕಿ ಗೂಡನ್ನು ಅರ್ಧ ಹೆಣೆಯುತ್ತದೆ. ಆಗ ಹೆಣ್ಣುಗಳು ಬಂದು ಒಳಹೊಕ್ಕು ಪರೀಕ್ಷಿಸುತ್ತವೆ. ಒಪ್ಪಿದರೆ ಗಂಡು ಗೂಡನ್ನು ಪೂರ್ತಿ ಮಾಡುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಕಾವು ಕೂತ ಮೇಲೆ ಅದೇ ಗಂಡು ಇನ್ನೊಂದು ಗೂಡು ಶುರುಮಾಡಿ ಇನ್ನೊಂದು ಹೆಣ್ಣನ್ನು ಕರೆಯುತ್ತದೆ. ಒಂದರ ಹಿಂದೆ ಒಂದರಂತೆ ಸಂಸಾರ ಹೂಡುವ ಈ ಕ್ರಮವನ್ನು ಅವರು ಮೊದಲ ಬಾರಿಗೆ ವಿವರವಾಗಿ ಪ್ರಕಟಿಸಿದರು. ಅವರ ಹೆಸರು ಪಕ್ಷಿಶಾಸ್ತ್ರದ ಲೋಕಕ್ಕೆ ತಿಳಿದದ್ದು ಈ ನಿರುದ್ಯೋಗದ ತಿಂಗಳುಗಳ ಕೆಲಸದಿಂದ.

ಕೊಂಕಣದಲ್ಲಿಯೇ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಮಾವಿನ ಮರಗಳ ಮೇಲೆ ಬದನಿಕೆ ಬೆಳೆದಿರುವುದನ್ನು ನಮ್ಮ ದೇವನಹಳ್ಳಿ, ದೊಡ್ಡಬಳ್ಳಾಪುರದ ತೋಟಗಳಲ್ಲಿಯೂ ನೋಡಿದ್ದೀರಿ. ಮರದ ರಸ ಹೀರುವ ಈ ಗಿಡಕ್ಕೂ ಎರಡು ಪುಟ್ಟ ಹಕ್ಕಿಗಳ ಕೊಕ್ಕಿಗೂ ನಂಟಿದೆ. ಬಾಗಿದ ಉದ್ದ ಕೊಕ್ಕಿನ ಸೂರಕ್ಕಿ ಬದನಿಕೆಯ ಕೊಳವೆಯಂಥ ಹೂವಿನಲ್ಲಿ ಮಕರಂದ ಹೀರುವಾಗ ಪರಾಗ ಅದರ ತಲೆಗೆ ಅಂಟಿ ಮುಂದಿನ ಹೂವಿಗೆ ಸಾಗುತ್ತದೆ. ಮೋಟು ಕೊಕ್ಕಿನ ಬದನಿಕೆ ಹಕ್ಕಿ ಹಣ್ಣನ್ನು ನುಂಗಿ ಅಂಟಂಟಾದ ಬೀಜವನ್ನು ಕೊಂಬೆಗೆ ಒರೆಸಿ ಹೋಗುತ್ತದೆ. ಅಲ್ಲಿ ಹೊಸ ಬದನಿಕೆ ಮೊಳೆಯುತ್ತದೆ. 1931ರಲ್ಲಿ ಈ ವಿಷಯವನ್ನೂ, 1932ರಲ್ಲಿ ಹೂವಿಗೆ ಬರುವ ಭಾರತದ ಹಕ್ಕಿಗಳ ಬಗ್ಗೆ ಇನ್ನೊಂದು ಲೇಖನವನ್ನೂ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. ಕೊಕ್ಕು ಮತ್ತು ಹೂವು ಒಂದಕ್ಕೊಂದು ಹೊಂದಿಕೊಂಡಿರುವುದನ್ನು ನಮ್ಮ ನಾಡಿನ ಮುತ್ತುಗ, ಬೂರುಗದಂಥ ಮರಗಳ ಮೂಲಕವೇ ತೋರಿಸಬಹುದೆಂದು ಆ ಬರಹಗಳಿಂದ ತಿಳಿಯಿತು.

ಮೈಸೂರು ಸೀಮೆಯಲ್ಲಿ

ಸಂಬಳದ ಕೆಲಸ ಸಿಗದಾಗ ಅವರೇ ಒಂದು ದಾರಿ ಕಂಡುಕೊಂಡರು. ದೇಶದ ಸಂಸ್ಥಾನಗಳಲ್ಲಿ ಯಾವ ಯಾವ ಹಕ್ಕಿಗಳಿವೆ ಎಂಬ ಕ್ರಮಬದ್ಧ ಸಮೀಕ್ಷೆ ಆಗಿರಲಿಲ್ಲ. ಪ್ರಯಾಣ ಮತ್ತು ಬಿಡಾರದ ಖರ್ಚು ಕೊಟ್ಟರೆ ಸಾಕು, ಸಂಬಳ ಬೇಡ, ಸಮೀಕ್ಷೆ ಮಾಡಿಕೊಡುತ್ತೇನೆ ಎಂದರು. ಮೊದಲು ಹೈದರಾಬಾದ್ ಸಂಸ್ಥಾನ. ಇಂದಿನ ಬೀದರ್, ಕಲಬುರಗಿ, ರಾಯಚೂರು ಆಗ ಅದರೊಳಗೇ ಇದ್ದವು. ಆಮೇಲೆ ತಿರುವಾಂಕೂರು ಮತ್ತು ಕೊಚ್ಚಿ. ನಂತರ ಮಧ್ಯಭಾರತದ ಸಂಸ್ಥಾನಗಳು. ತೆಹಮೀನಾ ಬೇಗಂ ನಗರದ ಸುಖ ಬಿಟ್ಟು ಡೇರೆಯ ಬದುಕಿಗೆ ಬಂದರು. ಗಂಡನ ಬರಹವನ್ನು ತಿದ್ದಿ ಹದ ಮಾಡುವವರೂ ಅವರೇ.

1939ರಲ್ಲಿ ಒಂದು ಸಣ್ಣ ಶಸ್ತ್ರಚಿಕಿತ್ಸೆಯ ನಂತರ ತೆಹಮೀನಾ ತೀರಿಕೊಂಡರು. ಸಲೀಂ ಅಲಿಗೆ ಆಗ ನಲವತ್ತೆರಡು. ಮಕ್ಕಳಿರಲಿಲ್ಲ. ಮತ್ತೆ ಮದುವೆಯಾಗಲಿಲ್ಲ. ತಂಗಲು ತಂಗಿಯಂಥ ಅಕ್ಕ ಕಾಮೂ ಅವರ ಮನೆ ಇತ್ತು, ದುಃಖ ಮರೆಯಲು ಕೆಲಸವಿತ್ತು. ಆ ಕೆಲಸ ಅವರನ್ನು ಕರೆತಂದದ್ದು ನಮ್ಮ ಮೈಸೂರು ಸಂಸ್ಥಾನಕ್ಕೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಲ್ಲವೂ ಅಂದು ಆ ಸಂಸ್ಥಾನದ ತಾಲ್ಲೂಕುಗಳು. 1939–40ರ ಸುಮಾರಿಗೆ ನಡೆದ ಈ ಸಮೀಕ್ಷೆಯ ಫಲವಾಗಿ ಮೈಸೂರಿನ ಹಕ್ಕಿಗಳ ಕುರಿತ ವರದಿ 1942–43ರಲ್ಲಿ ಕಂತುಗಳಾಗಿ ಪ್ರಕಟವಾಯಿತು. ಜಾತಿಯ ಹೆಸರು, ಸಿಕ್ಕ ಊರು, ತಾರೀಖು, ಗಂಡು ಹೆಣ್ಣು, ಕೊಕ್ಕಿನ ಮತ್ತು ರೆಕ್ಕೆಯ ಅಳತೆ, ಕಂಡ ನಡವಳಿಕೆ ಎಂದು ಸಾಗುವ ಅಂಥ ವರದಿಗಳು ಓದಲು ಕಥೆಯಂತಿರುವುದಿಲ್ಲ. ಆದರೆ ಎಂಬತ್ತು ವರ್ಷಗಳ ಹಿಂದೆ ಇಲ್ಲಿ ಯಾವ ಹಕ್ಕಿಯಿತ್ತು, ಇಂದು ಯಾವುದಿಲ್ಲ ಎಂದು ತಿಳಿಯಲು ಅವುಗಳಿಗಿಂತ ಗಟ್ಟಿಯಾದ ಸಾಕ್ಷಿ ಇಲ್ಲ.

ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಸಾವಿರಾರು ನೀರಹಕ್ಕಿಗಳು ಗೂಡು ಕಟ್ಟುವುದನ್ನು ಅವರು ಕಂಡರು. ಆ ಜಾಗವನ್ನು ಕಾಪಾಡಬೇಕೆಂದು ಮೈಸೂರಿನ ಆಡಳಿತಕ್ಕೆ ಮನವರಿಕೆ ಮಾಡಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ನಾವು ಪ್ರವಾಸ ಹೋಗಿ ದೋಣಿಯಲ್ಲಿ ಕುಳಿತು ಬಣ್ಣದ ಕೊಕ್ಕರೆ, ಚಮಚದ ಕೊಕ್ಕಿನ ಹಕ್ಕಿಗಳ ಫೋಟೊ ತೆಗೆಯುತ್ತೇವಲ್ಲ, ಅದರ ಹಿಂದೆ ಇವರ ಮಾತಿದೆ.

ಕೋವಿ ಹಿಡಿದ ಕೈ

ಇಲ್ಲಿ ಒಂದು ಪ್ರಶ್ನೆ ಏಳಬೇಕು. ಹಕ್ಕಿಗಳನ್ನು ಕಾಪಾಡಿದ ಮನುಷ್ಯನೇ ಸಮೀಕ್ಷೆಗಾಗಿ ಹಕ್ಕಿಗಳನ್ನು ಹೊಡೆದರಲ್ಲ, ಇದು ಹೇಗೆ? ಅವರು ಇದನ್ನು ಮುಚ್ಚಿಡಲಿಲ್ಲ. ವಿಜ್ಞಾನಕ್ಕೆ ಮಾದರಿಗಳು ಬೇಕು, ಆದರೆ ಲೆಕ್ಕವಿಟ್ಟು, ಬೇಕಾದಷ್ಟೇ ಎಂಬುದು ಅವರ ನಿಲುವು. ಹೊಡೆದ ಹಕ್ಕಿಗೆ ಚೀಟಿ ಕಟ್ಟದೆ ಬಿಟ್ಟರೆ ಅದು ವ್ಯರ್ಥ ಸಾವು. ಕಾಲ ಕಳೆದಂತೆ ಸತ್ತ ಹಕ್ಕಿಗಿಂತ ಬದುಕಿರುವ ಹಕ್ಕಿಯ ನಡೆಯನ್ನು ನೋಡುವುದೇ ಅವರಿಗೆ ಹೆಚ್ಚು ಪ್ರಿಯವಾಯಿತು. ಕಾಲಿಗೆ ಉಂಗುರ ತೊಡಿಸಿ ಹಕ್ಕಿಗಳನ್ನು ಹಾರಿಬಿಟ್ಟು ವಲಸೆಯ ದಾರಿ ತಿಳಿಯುವ ಕೆಲಸವನ್ನು ದೇಶದಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆಸಿದವರೂ ಅವರೇ. ಆದರೂ ಆ ಹಳೆಯ ಚರ್ಮಗಳ ಬೆಲೆ ಏನು ಎಂಬ ಪ್ರಶ್ನೆಗೆ ಪೂರ್ಣ ಉತ್ತರ ಸಿಕ್ಕಿದ್ದು ಅವರ ಕಾಲದ ನಂತರ. ಅದಕ್ಕೆ ಮುಂದೆ ಬರೋಣ.

ಪುಸ್ತಕ, ಪ್ರಯಾಣ, ಪ್ರಶಸ್ತಿ

1941ರಲ್ಲಿ ಅವರ ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್ ಹೊರಬಂತು. ಚಿತ್ರ ನೋಡಿ ಹಕ್ಕಿ ಗುರುತಿಸುವ ಹವ್ಯಾಸ ಆಂಗ್ಲ ಅಧಿಕಾರಿಗಳ ಬಂಗಲೆಯಿಂದ ನಮ್ಮ ಮನೆಗಳಿಗೆ ಬಂದದ್ದು ಈ ಪುಸ್ತಕದ ಮೂಲಕ. ಅಮೆರಿಕದ ಡಿಲನ್ ರಿಪ್ಲೆ ಅವರ ಜೊತೆ ಸೇರಿ ಬರೆದ ಭಾರತ ಮತ್ತು ಪಾಕಿಸ್ತಾನದ ಹಕ್ಕಿಗಳ ಕೈಪಿಡಿ 1968ರಿಂದ 1974ರವರೆಗೆ ಹತ್ತು ಸಂಪುಟಗಳಲ್ಲಿ ಪ್ರಕಟವಾಯಿತು. ಮೊದಲ ಸಂಪುಟ ಬಂದಾಗ ಅವರ ವಯಸ್ಸು ಎಪ್ಪತ್ತು ದಾಟಿತ್ತು.

ಅವರಿಗೆ ಮೋಟಾರ್‌ಸೈಕಲ್ ಹುಚ್ಚು. 1950ರಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ನಡೆದ ಅಂತರರಾಷ್ಟ್ರೀಯ ಪಕ್ಷಿಶಾಸ್ತ್ರ ಸಮ್ಮೇಳನಕ್ಕೆ ತಮ್ಮ ಸನ್‌ಬೀಮ್ ಗಾಡಿಯನ್ನು ಹಡಗಿನಲ್ಲಿ ಸಾಗಿಸಿ, ಯುರೋಪಿನಲ್ಲಿ ಅದನ್ನು ಓಡಿಸಿಕೊಂಡೇ ಹೋದರು. ವಯಸ್ಸು ಐವತ್ತಮೂರು.

ಸೋಲುಗಳೂ ಇದ್ದವು. ಹತ್ತೊಂಬತ್ತನೆಯ ಶತಮಾನದ ನಂತರ ಯಾರಿಗೂ ಕಾಣದ ಹಿಮಾಲಯದ ಪರ್ವತ ಲಾವುಗೆಯನ್ನು ಹುಡುಕಿ ಹೊರಟರು. ಸಿಗಲಿಲ್ಲ. ಆದರೆ ಕುಮಾವೂನಿನ ತೆರಾಯ್ ಪ್ರದೇಶದಲ್ಲಿ, ಕಣ್ಮರೆಯಾಯಿತೆಂದು ತಿಳಿದಿದ್ದ ಫಿನ್ ಗೀಜಗವನ್ನು ಮತ್ತೆ ಕಂಡರು. ಅದರ ವೈಜ್ಞಾನಿಕ ಹೆಸರಿನ ಎರಡನೆಯ ಪದ ಮೆಗರಿಂಕಸ್. ಗ್ರೀಕಿನಲ್ಲಿ ಅದರ ಅರ್ಥ ದೊಡ್ಡ ಕೊಕ್ಕಿನದು. ಕಿಹಿಂನಲ್ಲಿ ಗೀಜಗನ ಮುಂದೆ ಕುಳಿತವರಿಗೆ ದೊಡ್ಡ ಕೊಕ್ಕಿನ ಗೀಜಗವೇ ಎದುರಾದದ್ದು ತಕ್ಕದ್ದೇ.

ಪದವಿ ಇಲ್ಲವೆಂದು ಕೆಲಸ ಕಳೆದುಕೊಂಡವರಿಗೆ 1958ರಲ್ಲಿ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ದೆಹಲಿ ಮತ್ತು ಆಂಧ್ರ ವಿಶ್ವವಿದ್ಯಾಲಯಗಳು ಅನುಸರಿಸಿದವು. 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ ಬಂದವು. 1976ರಲ್ಲಿಯೇ ಜೆ. ಪಾಲ್ ಗೆಟ್ಟಿ ವನ್ಯಜೀವಿ ಸಂರಕ್ಷಣಾ ಪ್ರಶಸ್ತಿ ದೊರೆಯಿತು. ಅದರೊಂದಿಗೆ ಬಂದ 50,000 ಡಾಲರ್ ಹಣವನ್ನು ಪ್ರಕೃತಿ ಸಂರಕ್ಷಣೆಯ ನಿಧಿಗಾಗಿ ಸೊಸೈಟಿಗೆ ಕೊಟ್ಟುಬಿಟ್ಟರು. ಬಾಲ್ಯದಲ್ಲಿ ಗುಬ್ಬಿ ಹಿಡಿದು ಹೋದ ಅದೇ ಸೊಸೈಟಿಗೆ. 1985ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. ಅದೇ ವರ್ಷ ಆತ್ಮಕಥೆ ಹೊರಬಂತು. ಅದಕ್ಕೆ ಇಟ್ಟ ಹೆಸರಿನಲ್ಲಿಯೂ ಆ ಗುಬ್ಬಿಯೇ ಇದೆ: ದಿ ಫಾಲ್ ಆಫ್ ಎ ಸ್ಪ್ಯಾರೋ. 1987ರ ಜೂನ್ 20ರಂದು, ತೊಂಬತ್ತನೆಯ ವಯಸ್ಸಿನಲ್ಲಿ, ಮುಂಬೈಯಲ್ಲಿ ಕಣ್ಣು ಮುಚ್ಚಿದರು.

ಡ್ರಾಯರ್‌ನಿಂದ ಸ್ಕ್ಯಾನರ್‌ಗೆ

ಈಗ ಹಳೆಯ ಚರ್ಮಗಳ ಬೆಲೆಗೆ ಬರೋಣ. ವಸ್ತುಸಂಗ್ರಹಾಲಯದ ಹಕ್ಕಿಯಲ್ಲಿ ಮಾಂಸ ತೆಗೆದು ಹತ್ತಿ ತುಂಬಿರುತ್ತಾರೆ. ಆದರೆ ಕೊಕ್ಕು ಮತ್ತು ತಲೆಬುರುಡೆ ಹಾಗೆಯೇ ಉಳಿದಿರುತ್ತವೆ. ಡಿವೈಡರ್ ಅದರ ಉದ್ದವನ್ನಷ್ಟೇ ಹೇಳಬಲ್ಲದು. ಸಾಮಾನ್ಯ ಎಕ್ಸ್‌ರೇ ಒಳಗನ್ನು ತೋರಿಸಿದರೂ ಎಲ್ಲ ಪದರಗಳ ನೆರಳು ಒಂದರ ಮೇಲೊಂದು ಬೀಳುತ್ತದೆ. ಸಿ.ಟಿ. ಸ್ಕ್ಯಾನ್ ವಸ್ತುವಿನ ಸುತ್ತ ನೂರಾರು ಕೋನಗಳಿಂದ ಎಕ್ಸ್‌ರೇ ತೆಗೆದು, ಲೆಕ್ಕ ಹಾಕಿ, ಒಂದೊಂದು ಪದರವನ್ನೂ ಬೇರೆ ಬೇರೆಯಾಗಿ ಕಟ್ಟಿಕೊಡುತ್ತದೆ. 1971ರಲ್ಲಿ ಇಂಗ್ಲೆಂಡಿನ ಹೌನ್ಸ್‌ಫೀಲ್ಡ್ ಅವರ ಯಂತ್ರದಲ್ಲಿ ಮೊದಲ ರೋಗಿಯ ತಲೆಯನ್ನು ನೋಡಲಾಯಿತು. ಅದೇ 1971ರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಎನ್. ರಾಮಚಂದ್ರನ್ ಮತ್ತು ಎ. ವಿ. ಲಕ್ಷ್ಮೀನಾರಾಯಣನ್, ನೆರಳುಗಳಿಂದ ಒಳಗಿನ ಚಿತ್ರವನ್ನು ಬೇಗ ಮತ್ತು ನಿಖರವಾಗಿ ಕಟ್ಟುವ ಗಣಿತದ ವಿಧಾನವನ್ನು ಪ್ರಕಟಿಸಿದರು. ಸಿ.ಟಿ. ಯಂತ್ರಗಳ ಲೆಕ್ಕಾಚಾರಕ್ಕೆ ಆ ವಿಧಾನ ಬುನಾದಿಯಾಯಿತು. ಸಣ್ಣ ವಸ್ತುಗಳಿಗೆಂದೇ ಮೈಕ್ರೋ ಸಿ.ಟಿ. ಯಂತ್ರಗಳು ಬಂದ ಮೇಲೆ ಸೂರಕ್ಕಿಯ ತಲೆಯನ್ನೂ ಪದರ ಪದರವಾಗಿ ನೋಡಬಹುದಾಯಿತು.

ಉಷ್ಣವಲಯದ ಹಕ್ಕಿಗಳ ಕೊಕ್ಕುಗಳೊಳಗೆ ಕಾಣುವುದು ಬೆರಗಿನ ಲೋಕ. ಮೇಲೆ ನಮ್ಮ ಉಗುರಿನಂಥ ಕೆರಾಟಿನ್ ಹೊದಿಕೆ, ಕೆಳಗೆ ಮೂಳೆ. ದಕ್ಷಿಣ ಅಮೆರಿಕದ ಟೂಕನ್ ಹಕ್ಕಿಯ ಕೊಕ್ಕು ಅದರ ಉದ್ದದ ಸುಮಾರು ಮೂರನೇ ಒಂದು ಭಾಗವಿದ್ದರೂ ತೂಕದಲ್ಲಿ ಇಪ್ಪತ್ತನೇ ಒಂದು ಭಾಗದಷ್ಟೇ. ಏಕೆಂದರೆ ಒಳಗೆ ಗಟ್ಟಿ ಮೂಳೆಯ ಬದಲು ನೊರೆಯಂಥ ಮೂಳೆಯ ಜಾಲವಿದೆ. ನಮ್ಮ ದಾಂಡೇಲಿ ಕಾಡಿನ ದೊಡ್ಡ ಮಂಗಟ್ಟೆಯ ಕೊಕ್ಕಿನ ಮೇಲಿರುವ ಶಿರಸ್ತ್ರಾಣವೂ ಹಾಗೆಯೇ, ಹೊರಗೆ ಭಾರಿ, ಒಳಗೆ ಬಹುಪಾಲು ಪೊಳ್ಳು. ಆದರೆ ಆಗ್ನೇಯ ಏಷ್ಯಾದ ಹೆಲ್ಮೆಟೆಡ್ ಹಾರ್ನ್‌ಬಿಲ್ ಎಂಬ ಅದರ ಬಂಧುವಿನ ಶಿರಸ್ತ್ರಾಣ ಒಳಗೂ ಗಟ್ಟಿ. ಅದಕ್ಕಾಗಿಯೇ ಜನ ಅದನ್ನು ಕೆತ್ತನೆಗೆ ಬಳಸಿ, ಆ ಜಾತಿ ಅಳಿವಿನ ಅಂಚಿಗೆ ಬಂದಿದೆ. ಮಂಗಟ್ಟೆಗಳ ಕತ್ತಿನ ಮೊದಲೆರಡು ಮೂಳೆಗಳು ಒಂದಾಗಿ ಬೆಸೆದಿರುತ್ತವೆ. ಬೇರಾವ ಹಕ್ಕಿ ಗುಂಪಿನಲ್ಲೂ ಹೀಗಿಲ್ಲ. ಗಿಳಿಯ ಮೇಲ್ಗೊಕ್ಕು ಬುರುಡೆಗೆ ಕೀಲಿನಂತೆ ಸೇರಿ ಮೇಲಕ್ಕೆ ಏಳುತ್ತದೆ. ಮರಕುಟಿಗದ ನಾಲಗೆಯ ಮೂಳೆ ಬುರುಡೆಯ ಹಿಂದಿನಿಂದ ಸುತ್ತಿಕೊಂಡು ಬಂದಿರುತ್ತದೆ. ಇವನ್ನೆಲ್ಲ ಪಕ್ಕಪಕ್ಕದಲ್ಲಿಟ್ಟು ಹೋಲಿಸಿದಾಗ ಆಹಾರ, ಶಾಖ, ತೂಕ, ಬಲ ಇವುಗಳ ಲೆಕ್ಕ ಹೊರಬೀಳುತ್ತದೆ.

2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಂಗ್ಲೆಂಡಿನ ಸಂಗ್ರಹಾಲಯಗಳಲ್ಲಿದ್ದ ಎರಡು ಸಾವಿರಕ್ಕೂ ಹೆಚ್ಚು ಜಾತಿಯ ಹಕ್ಕಿಗಳ ಕೊಕ್ಕುಗಳ ಹೊರಮೈಯನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಹೋಲಿಸಿದರು. ಅಮೆರಿಕದ ಹಲವು ಸಂಗ್ರಹಾಲಯಗಳು ಸೇರಿ 2017ರಿಂದ 2023ರವರೆಗೆ ಹದಿಮೂರು ಸಾವಿರಕ್ಕೂ ಹೆಚ್ಚು ಕಶೇರುಕ ಪ್ರಾಣಿಗಳ ಸಿ.ಟಿ. ಚಿತ್ರಗಳನ್ನು ತೆಗೆದು ಎಲ್ಲರೂ ನೋಡುವಂತೆ ಇಂಟರ್ನೆಟ್ಟಿನಲ್ಲಿ ಇಟ್ಟಿವೆ. ಇಂಥ ಕೆಲಸಕ್ಕೆ ಹೊಸದಾಗಿ ಹಕ್ಕಿಗಳನ್ನು ಹೊಡೆಯಬೇಕಾಗಿಲ್ಲ. ಹಿಂದಿನವರು ಕೂಡಿಟ್ಟದ್ದೇ ಸಾಕು. ಆದರೆ ಒಂದು ಷರತ್ತು: ಚೀಟಿ ಸರಿಯಿರಬೇಕು. ಊರು ತಪ್ಪಾಗಿದ್ದರೆ, ತಾರೀಖು ಇಲ್ಲದಿದ್ದರೆ, ಕೋಟಿ ಬೆಲೆಯ ಯಂತ್ರವೂ ಆ ಹಕ್ಕಿಯ ಬಗ್ಗೆ ಹೆಚ್ಚೇನೂ ಹೇಳಲಾರದು. ಡೇರೆಯಲ್ಲಿ ಲಾಟೀನಿನ ಬೆಳಕಿನಲ್ಲಿ ಚೀಟಿ ಬರೆದವನಿಗೆ ಮುಂದೊಂದು ದಿನ ಇಂಥ ಯಂತ್ರ ಬರುತ್ತದೆಂದು ಗೊತ್ತಿರಬೇಕಾಗಿಲ್ಲ. ಪ್ರಾಮಾಣಿಕವಾಗಿ ಬರೆದರೆ ಸಾಕು.

ನಮ್ಮ ಪಕ್ಕದ ದೊಡ್ಡಗುಬ್ಬಿ

ಕೊನೆಗೆ ನಮ್ಮ ಸೀಮೆಯ ಒಂದು ನೆನಪು. ಸಲೀಂ ಅಲಿ ಅವರ ಸೋದರಿಯ ಮಗಳು ಲಯೀಕ್ ಅವರ ಪತಿ ಜಾಫರ್ ಫತೇಹಲಿ ಕೂಡ ದೊಡ್ಡ ಪಕ್ಷಿಪ್ರೇಮಿ. ಹಕ್ಕಿ ನೋಡುವ ಸಾಮಾನ್ಯರಿಗಾಗಿ ಅವರು ಒಂದು ಪುಟ್ಟ ಪತ್ರಿಕೆ ನಡೆಸುತ್ತಿದ್ದರು. ಮುಂಬೈ ಬಿಟ್ಟು ಬೆಂಗಳೂರಿನ ಕಡೆಗೆ ಬಂದಾಗ ಅವರು ನೆಲೆಸಿದ್ದು ಹೊಸಕೋಟೆಯ ಕಡೆಯವರಿಗೆ ಪರಿಚಿತವಾದ ದೊಡ್ಡಗುಬ್ಬಿಯಲ್ಲಿ. ಶಾಲಾ ಮಕ್ಕಳು, ಗುಮಾಸ್ತರು, ಡಾಕ್ಟರುಗಳು ತಮ್ಮೂರಿನಲ್ಲಿ ಕಂಡ ಹಕ್ಕಿಯ ಬಗ್ಗೆ ಬರೆದ ಪತ್ರಗಳು ದೇಶದ ಮೂಲೆಮೂಲೆಗಳಿಂದ ಆ ಹಳ್ಳಿಯ ವಿಳಾಸಕ್ಕೆ ಬರುತ್ತಿದ್ದವು. ಗುಬ್ಬಿಯಿಂದ ಶುರುವಾದ ಕಥೆ ದೊಡ್ಡಗುಬ್ಬಿಯವರೆಗೆ ಬಂದಂತಾಯಿತು.

ವಿದ್ಯಾರ್ಥಿಗಳೇ, ಸಲೀಂ ಅಲಿ ಹುಟ್ಟಿದ ನವೆಂಬರ್ 12ನ್ನು ನಮ್ಮ ದೇಶದಲ್ಲಿ ಹಕ್ಕಿ ನೋಡುವ ದಿನವಾಗಿ ಆಚರಿಸುವ ರೂಢಿಯಿದೆ. ಆ ದಿನ ಭಾಷಣ ಬೇಡ. ಒಂದು ನೋಟ್‌ಬುಕ್ ಹಿಡಿದು ನಿಮ್ಮೂರಿನ ಕೆರೆಗೆ ಹೋಗಿ. ಕಂಡ ಹಕ್ಕಿ, ಅದರ ಕೊಕ್ಕಿನ ಆಕಾರ, ಏನು ತಿನ್ನುತ್ತಿತ್ತು, ಎಷ್ಟು ಗಂಟೆ, ಯಾವ ತಾರೀಖು ಎಂದು ಬರೆಯಿರಿ. ಹೆಸರು ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಬರೆಯಿರಿ, ಆಮೇಲೆ ಜೀವಶಾಸ್ತ್ರ ವಿಭಾಗಕ್ಕೆ ಬಂದು ಕೇಳಿ. ನಮಗೂ ಗೊತ್ತಿಲ್ಲದಿದ್ದರೆ ಅಮೀರುದ್ದೀನ್ ಸಾಹೇಬರಂತೆ ಗೊತ್ತಿರುವವರಿಗೆ ಒಂದು ಪತ್ರ ಬರೆದುಕೊಡುತ್ತೇವೆ. ಇದಕ್ಕೆ ಇಂಟರ್ನಲ್ ಅಂಕಗಳಿಲ್ಲ. ಈ ಬಾರಿಯ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದು ಮುಖ ಸಪ್ಪಗೆ ಮಾಡಿಕೊಂಡಿರುವವರು ಮೊದಲು ಹೊರಡಲಿ.